ಕಿವಿಗೆ ಒಗ್ಗಿದ ಕಂಪ್ಯೂಟರ್ ಬದಲಿಸುವ ಮುಂಚೆ

ಪ್ರಶ್ನೆ: ಸರ್, ನನಗೆ ಪೂರ್ತಿ ಕಣ್ಣು ಕಾಣುವುದಿಲ್ಲ. ಒಂಬತ್ತು ವರ್ಷದಿಂದ ಒಂದೇ ಲ್ಯಾಪ್‌ಟಾಪ್, ವಿಂಡೋಸ್ 10, ಅದರ ಮೇಲೆ ಪರದೆಯಲ್ಲಿರುವುದನ್ನು ಓದಿ ಹೇಳುವ ಎನ್‌ವಿಡಿಎ ತಂತ್ರಾಂಶ. ಅಡಿಕೆ ವ್ಯಾಪಾರದ ಲೆಕ್ಕ ಎಕ್ಸೆಲ್‌ನಲ್ಲಿ ಇಡುತ್ತೇನೆ, ಪೇಪರ್ ಓದಿಸಿಕೊಳ್ಳುತ್ತೇನೆ, ಒಂದಿಷ್ಟು ಮೇಲ್. ಬೆಂಗಳೂರಿನಲ್ಲಿರುವ ನನ್ನ ಅಳಿಯ, ಅಂದರೆ ಅಕ್ಕನ ಮಗ, "ವಿಂಡೋಸ್ 10 ಕಥೆ ಮುಗೀತು ಮಾವ, ನಿಮ್ಮ ಮಷೀನಿಗೆ 11 ಹತ್ತಲ್ಲ, ವಿಂಡೋಸ್ ಬದಲು ಲಿನಕ್ಸ್ ಹಾಕಿಬಿಡ್ತೀನಿ, ಬಿಟ್ಟಿ ಸಿಗುತ್ತೆ" ಅನ್ನುತ್ತಿದ್ದಾನೆ. ಹಾಕಿಸಲೋ ಬೇಡವೋ?
ಹೊಸನಗರ ತಾಲೂಕಿನ ಓದುಗರು

ಉತ್ತರ: ನಿಮ್ಮ ಅಳಿಯ ಹೇಳಿದ್ದರಲ್ಲಿ ಸುಳ್ಳೇನಿಲ್ಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಅಪ್‌ಡೇಟ್ ನಿಂತಿತು. 11 ಬೇಕೆಂದರೆ ಟಿಪಿಎಂ 2.0 ಅನ್ನುವ ಚಿಪ್ ಬೇಕು, ಇಂಟೆಲ್ ಆದರೆ ಹೆಚ್ಚು ಕಡಿಮೆ ಎಂಟನೇ ತಲೆಮಾರಿನ ಪ್ರೊಸೆಸರ್ ಬೇಕು. ಒಂಬತ್ತು ವರ್ಷದ ಲ್ಯಾಪ್‌ಟಾಪ್‌ನಲ್ಲಿ ಅದು ಇರುವುದು ಅನುಮಾನ. ಹಾಗಂತ ಇವತ್ತೇ ಮನೆಗೆ ಬೆಂಕಿ ಬಿದ್ದಂತೆ ಓಡಬೇಕಿಲ್ಲ. ಮನೆ ಬಳಕೆಯವರು ನೋಂದಾಯಿಸಿಕೊಂಡರೆ ಸೆಕ್ಯುರಿಟಿ ಅಪ್‌ಡೇಟ್‌ಗಳನ್ನು 2026ರ ಅಕ್ಟೋಬರ್‌ವರೆಗೆ ಕೊಡುತ್ತೇವೆ ಅಂತ ಮೈಕ್ರೋಸಾಫ್ಟ್ ಹೇಳಿದೆ.

ಈಗ ಲಿನಕ್ಸ್ ವಿಷಯ. ನನಗೂ ಕಣ್ಣಿಲ್ಲ, ನಾನೂ ಒಮ್ಮೆ ಹೀಗೇ ಹಾಕಿಸಿಕೊಂಡವನು, ಅದಕ್ಕೇ ಸ್ವಲ್ಪ ಉದ್ದ ಹೇಳುತ್ತೇನೆ. ಹಾಕಿದ ದಿನ ಎಲ್ಲ ಚೆನ್ನಾಗಿತ್ತು. ಲಿನಕ್ಸ್‌ನಲ್ಲಿ ಓದಿ ಹೇಳುವುದು ಆರ್ಕಾ, ಅದೂ ಬಿಟ್ಟಿಯೇ. ಧ್ವನಿಯಂತೂ ನನಗೆ ಗುರುತಿನದೇ, ಯಾಕೆಂದರೆ ಎನ್‌ವಿಡಿಎ ಜೊತೆ ಬರುವ ಈಸ್ಪೀಕ್ ಲಿನಕ್ಸ್‌ನಲ್ಲೂ ಇದೆ, ಕನ್ನಡವನ್ನೂ ಅದೇ ಮೂಗಿನ ದನಿಯಲ್ಲಿ ಓದುತ್ತದೆ. ಮೂರನೇ ದಿನ ಆರಿದ್ರಾ ಮಳೆ, ಕರೆಂಟ್ ಹೋಯಿತು, ಬ್ಯಾಟರಿ ಸತ್ತಿದ್ದ ಲ್ಯಾಪ್‌ಟಾಪ್ ಆಫ್ ಆಯಿತು. ಕರೆಂಟ್ ಬಂದ ಮೇಲೆ ಆನ್ ಮಾಡಿದರೆ ಗಪ್‌ಚುಪ್. ಶೀಟಿನ ಮೇಲೆ ಬೀಳುವ ಮಳೆ ಸದ್ದಿಗೆ ನನಗೇ ಕೇಳಿಸುತ್ತಿಲ್ಲವೇನೋ ಅಂತ ಹೆಡ್‌ಫೋನ್ ಹಾಕಿ ಕೂತೆ, ಊಹೂಂ. ಮನೆಯಲ್ಲಿ ಯಾರೂ ಇರಲಿಲ್ಲ, ಎಲ್ಲರೂ ತೋಟಕ್ಕೆ ಹೋಗಿದ್ದರು. ಅವರು ಬಂದು ನೋಡಿದಾಗ ಪರದೆ ಮೇಲೆ ಪಾಸ್‌ವರ್ಡ್ ಕೇಳುವ ಡಬ್ಬಿ ಸುಮ್ನೆ ಕಾಯುತ್ತಾ ನಿಂತಿತ್ತಂತೆ. ಆಮೇಲೆ ಗೊತ್ತಾಗಿದ್ದು, ಒಳಗಿನ ಡೆಸ್ಕ್‌ಟಾಪ್‌ಗೆ ಆರ್ಕಾ ಹಚ್ಚಿಟ್ಟರೂ ಲಾಗಿನ್ ಪರದೆಗೆ ಅದನ್ನು ಬೇರೆಯಾಗಿ ಹಚ್ಚಬೇಕು. ಲಿನಕ್ಸ್‌ನ ಡೆಸ್ಕ್‌ಟಾಪ್‌ಗಳಲ್ಲಿ ಒಂದಾದ ಗ್ನೋಮ್ ಇದ್ದರೆ ಆಲ್ಟ್, ವಿಂಡೋಸ್ ಕೀ, ಎಸ್ ಮೂರನ್ನೂ ಒಟ್ಟಿಗೆ ಒತ್ತಿದರೆ ಸಾಕಿತ್ತು. ಮೂರು ಕೀ ಗೊತ್ತಿಲ್ಲದೆ ಒಂದು ಮಧ್ಯಾಹ್ನ ಹೋಯಿತು.

ಹಾಗಾಗಿ ನಿಮ್ಮ ಅಳಿಯನನ್ನು ಕೇಳಬೇಕಾದ್ದು "ಲಿನಕ್ಸ್ ಒಳ್ಳೆಯದಾ" ಅಂತಲ್ಲ. "ನೀನು ಬಸ್ ಹತ್ತಿದ ಮೇಲೆ ಇದು ಮೂಕಾದರೆ ನಾನೊಬ್ಬನೇ ಇದನ್ನು ಮತ್ತೆ ಮಾತಾಡಿಸಬಲ್ಲೆನಾ" ಅಂತ. ವಿಂಡೋಸ್‌ನಲ್ಲಿ ನಮಗೆ ಆ ಧೈರ್ಯ ಇದೆ, ಅಲ್ವಾ? ಎನ್‌ವಿಡಿಎ ಕೈಕೊಟ್ಟರೆ ಕಂಟ್ರೋಲ್, ಆಲ್ಟ್, ಎನ್ ಒತ್ತುತ್ತೇವೆ. ಅದೂ ಏಳಲಿಲ್ಲ ಅಂದರೆ ವಿಂಡೋಸ್ ಕೀ, ಕಂಟ್ರೋಲ್, ಎಂಟರ್ ಒತ್ತಿ ವಿಂಡೋಸ್‌ನೊಳಗೇ ಇರುವ ಓದುಗ ನರೇಟರ್‌ನನ್ನು ಎಬ್ಬಿಸುತ್ತೇವೆ, ಅದರ ಕೈ ಹಿಡಿದುಕೊಂಡು ಎನ್‌ವಿಡಿಎ ತನಕ ಹೋಗುತ್ತೇವೆ.

ಮೊದಲು ಪೆನ್‌ಡ್ರೈವ್‌ನಲ್ಲಿ ಓಡಿಸಿ ನೋಡಿ. ಉಬುಂಟು ಅನ್ನುವ ಲಿನಕ್ಸ್‌ನಲ್ಲಿ ಇನ್‌ಸ್ಟಾಲ್ ಮಾಡದೆ ಪ್ರಯತ್ನಿಸುವ ದಾರಿ ಇದೆ, ನಿಮ್ಮ ವಿಂಡೋಸ್ ಹಾಗೇ ಇರುತ್ತದೆ. ಆ ಫೈಲ್ 5 ಜಿಬಿ ದಾಟುತ್ತದೆ, ನಮ್ಮ ಕಡೆಯ ನೆಟ್‌ವರ್ಕ್ ನೆಚ್ಚಬೇಡಿ, ಅಳಿಯ ಬೆಂಗಳೂರಿನಲ್ಲೇ ಇಳಿಸಿಕೊಂಡು ಬರಲಿ. ಪೆನ್‌ಡ್ರೈವ್‌ನಿಂದ ಶುರು ಮಾಡಲು, ವಿಂಡೋಸ್ ಏಳುವ ಮುಂಚೆಯೇ ತೆರೆಯಬೇಕಾದ ಬಯೋಸ್ ಪರದೆ ಮಾತಾಡುವುದಿಲ್ಲ, ಅಲ್ಲಿ ಕಣ್ಣಿರುವವರು ಬೇಕೇ ಬೇಕು. ಮುಂದಿನದನ್ನು ನೀವೇ ಮಾಡಿ, ಅವನು ಕೈ ಹಾಕದಿರಲಿ. ಒಂದು ವಾರ ಅದರಲ್ಲೇ ಪೇಪರ್ ಓದಿ, ಮೇಲ್ ಕಳಿಸಿ. ಡೆಬಿಯನ್ ಅಂತ ಇನ್ನೊಂದಿದೆ, ಅದರ ಇನ್‌ಸ್ಟಾಲರ್ ಶುರುವಾದಾಗ ಬೀಪ್ ಅನ್ನುತ್ತದೆ, ಆಗ ಎಸ್ ಒತ್ತಿ ಎಂಟರ್ ಕೊಟ್ಟರೆ ಕೊನೆತನಕ ಮಾತಾಡುತ್ತಲೇ ಇನ್‌ಸ್ಟಾಲ್ ಆಗುತ್ತದೆ. ನನಗೆ ಬಹಳ ಇಷ್ಟವಾಗಿದ್ದು ಅದು. ಆದರೆ ಕೇಳುವ ಪ್ರಶ್ನೆಗಳು ಜಾಸ್ತಿ, ಹೊಸಬರಿಗೆ ತಲೆ ಚಿಟ್ಟು ಹಿಡಿಯುತ್ತದೆ.

ಬೆರಳಿನ ರೂಢಿ ಅಷ್ಟೊಂದು ಕೆಡುವುದಿಲ್ಲ. ವೆಬ್ ಪುಟದಲ್ಲಿ ಹೆಡಿಂಗಿಗೆ ಎಚ್, ಲಿಂಕಿಗೆ ಕೆ, ಎರಡೂ ಕಡೆ ಒಂದೇ. ಇನ್ಸರ್ಟ್ ಅಥವಾ ಕ್ಯಾಪ್ಸ್‌ಲಾಕ್ ಹಿಡಿದು ಆಜ್ಞೆ ಕೊಡುವುದೂ ಒಂದೇ. ಕಷ್ಟ ಇರುವುದು ನಿಮ್ಮ ಲೆಕ್ಕದ ಪುಸ್ತಕದಲ್ಲಿ. ಲಿನಕ್ಸ್‌ಗೆ ಎಕ್ಸೆಲ್ ಬರುವುದಿಲ್ಲ, ಲಿಬ್ರೆಆಫೀಸ್‌ನ ಕ್ಯಾಲ್ಕ್ ಬಳಸಬೇಕು. ಫೈಲ್ ತೆರೆಯುತ್ತದೆ, ಕೂಡುತ್ತದೆ, ಕಳೆಯುತ್ತದೆ. ಆದರೆ ಎನ್‌ವಿಡಿಎ ಜೊತೆ ಎಕ್ಸೆಲ್ ಎಷ್ಟು ಸಲೀಸೋ ಆರ್ಕಾ ಜೊತೆ ಕ್ಯಾಲ್ಕ್ ಅಷ್ಟು ಸಲೀಸಲ್ಲ, ನನ್ನ ಕೈಯಲ್ಲಂತೂ ಆಗಲಿಲ್ಲ. ಮಂಡಿಯ ಲೆಕ್ಕದಲ್ಲಿ ಒಂದು ಸೊನ್ನೆ ಆಚೀಚೆ ಆದರೂ ಕಷ್ಟ.

ಈ ಲ್ಯಾಪ್‌ಟಾಪ್ ಒಂದರಿಂದಲೇ ನಿಮ್ಮ ಹೊಟ್ಟೆಪಾಡು ಅಂದರೆ, ಸಾಲ ಇಲ್ಲದೆ ಸಾಧ್ಯವಾದರೆ, ವಿಂಡೋಸ್ 11 ಇರುವ ಸೆಕೆಂಡ್ ಹ್ಯಾಂಡ್ ಮಷೀನು ತಗೊಳ್ಳಿ. ಎನ್‌ವಿಡಿಎಗೆ ಅಲ್ಲೂ ದುಡ್ಡು ಕೊಡಬೇಕಿಲ್ಲ. 2006ರಲ್ಲಿ ಅದನ್ನು ಶುರು ಮಾಡಿದ ಆಸ್ಟ್ರೇಲಿಯಾದ ಮೈಕೆಲ್ ಕರನ್ ಸ್ವತಃ ಕಣ್ಣಿಲ್ಲದವರು, ಈಗಲೂ ಅದು ಬಿಟ್ಟಿಯೇ. ಹಳೆಯ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕಿಸಿ ಮಳೆಗಾಲವಿಡೀ ಆಟ ಆಡಿ, ಕೆಟ್ಟರೆ ಕೆಡಲಿ. ಒಂದೇ ಮಷೀನು, ಹೊಸದು ಕೊಳ್ಳುವುದು ಆಗದ ಮಾತು ಅಂದರೆ, ಪೆನ್‌ಡ್ರೈವ್ ಪರೀಕ್ಷೆ ಪಾಸಾದ ಮೇಲೆ ವಿಂಡೋಸ್, ಲಿನಕ್ಸ್ ಎರಡನ್ನೂ ಅದರಲ್ಲೇ ಪಕ್ಕಪಕ್ಕ ಇಟ್ಟುಕೊಳ್ಳಬಹುದು. ಆದರೆ ಯಾವುದನ್ನು ಶುರು ಮಾಡಲಿ ಅಂತ ಕೇಳುವ ಮೆನು ಸಾಮಾನ್ಯವಾಗಿ ಮೂಕ. ಯಾವುದು ತಾನಾಗಿ ಶುರುವಾಗಬೇಕು, ಇನ್ನೊಂದಕ್ಕೆ ಕೆಳಗಿನ ಬಾಣದ ಕೀ ಎಷ್ಟು ಸಲ ಒತ್ತಬೇಕು, ಇದನ್ನು ಅಳಿಯನಿಂದ ಎಣಿಸಿ ಬಾಯಿಪಾಠ ಮಾಡಿಕೊಳ್ಳಿ. ಲೆಕ್ಕದ ಫೈಲುಗಳ ಕಾಪಿ ಬೇರೆ ಪೆನ್‌ಡ್ರೈವ್‌ನಲ್ಲಿ ತೆಗೆದಿಟ್ಟುಕೊಳ್ಳದೆ ಅವನ ಕೈಗೆ ಮಷೀನು ಕೊಡಬೇಡಿ. ಅಳಿಯ ಆದರೇನಾಯಿತು!

ಪ್ರಶ್ನೆ: ನನ್ನ ಮಗಳು ಶಿವಮೊಗ್ಗದಲ್ಲಿ ಪಿಯುಸಿ ಓದುತ್ತಿದ್ದಾಳೆ. ಪೂರ್ತಿ ಕುರುಡಲ್ಲ, ಮಂದ ದೃಷ್ಟಿ, ಅಕ್ಷರ ದೊಡ್ಡದಿದ್ದರೆ ಓದುತ್ತಾಳೆ. ಆಪಲ್‌ನ ಮ್ಯಾಕ್ ಕಂಪ್ಯೂಟರ್ ತೆಗೆದುಕೊಟ್ಟರೆ ಅನುಕೂಲ ಅಂತ ಯಾರೋ ಅಂದರು. ಹೌದಾ?
ತೀರ್ಥಹಳ್ಳಿಯ ತಾಯಿಯೊಬ್ಬರು

ಉತ್ತರ: ಅಕ್ಷರ ದೊಡ್ಡದು ಮಾಡುವುದಕ್ಕಷ್ಟೇ ಅಷ್ಟು ದುಡ್ಡು ಸುರಿಯಬೇಡಿ ಅಮ್ಮಾ. ಈಗಿರುವ ವಿಂಡೋಸ್‌ನಲ್ಲಿ ವಿಂಡೋಸ್ ಕೀ ಹಿಡಿದು ಪ್ಲಸ್ ಒತ್ತಲು ಹೇಳಿ, ಭೂತಗನ್ನಡಿ ತೆರೆದುಕೊಳ್ಳುತ್ತದೆ. ಬಿಳಿ ಹಿನ್ನೆಲೆ ಕಣ್ಣು ಕುಕ್ಕುತ್ತದೆ ಅಂದರೆ ಕಪ್ಪು ಹಿನ್ನೆಲೆಗೆ ಬದಲಿಸಬಹುದು, ಅದೂ ಸೆಟ್ಟಿಂಗ್‌ನಲ್ಲೇ ಇದೆ. ಮ್ಯಾಕ್ ಕೆಟ್ಟದ್ದೇನಲ್ಲ. ಓದಿ ಹೇಳುವ ವಾಯ್ಸ್‌ಓವರ್ 2005ರಿಂದ ಅದರೊಳಗೇ ಬರುತ್ತಿದೆ, ಕಮಾಂಡ್ ಮತ್ತು ಎಫ್5 ಒತ್ತಿದರೆ ಮಾತು ಶುರು. ಆದರೆ ಅದರ ಕೀಗಳ ಲೋಕವೇ ಬೇರೆ, ಕಂಟ್ರೋಲ್ ಮತ್ತು ಆಪ್ಶನ್ ಹಿಡಿದುಕೊಂಡೇ ಓಡಾಡಬೇಕು. ಪಿಯುಸಿ ವರ್ಷದ ನಡುವೆ ಅದನ್ನು ಕಲಿಯಲು ಕೂರಿಸುವುದು ಬೇಡ. ಮಗಳಿಗೆ ದೃಷ್ಟಿ ಇನ್ನೂ ಇಳಿಯಬಹುದು ಅಂತ ಡಾಕ್ಟರು ಹೇಳಿದ್ದರೆ, ಈಗಲೇ ದಿನಕ್ಕೆ ಕಾಲು ಗಂಟೆ ಕಣ್ಣು ಮುಚ್ಚಿ ಎನ್‌ವಿಡಿಎ ಕೇಳುವ ಅಭ್ಯಾಸ ಮಾಡಲಿ.

ಪ್ರಶ್ನೆ: ನಾನು ಸರ್ಕಾರಿ ಶಾಲೆಯ ಶಿಕ್ಷಕ, ದೃಷ್ಟಿ ಇಲ್ಲ. ಇಲಾಖೆಯಿಂದ ಬರುವ ಕನ್ನಡ ಫೈಲುಗಳನ್ನು ಎನ್‌ವಿಡಿಎ ಏನೇನೋ ಇಂಗ್ಲಿಷ್ ಅಕ್ಷರಗಳಾಗಿ ಬಡಬಡಿಸುತ್ತದೆ. ಬೇರೆ ಆಪರೇಟಿಂಗ್ ಸಿಸ್ಟಂಗೆ ಹೋದರೆ ಸರಿಹೋಗುತ್ತದಾ?
ಸಾಗರದಿಂದ

ಉತ್ತರ: ಎಲ್ಲಿಗೆ ಹೋದರೂ ಸರಿಹೋಗುವುದಿಲ್ಲ ಮೇಷ್ಟ್ರೇ. ಅದು ಹಳೆಯ ನುಡಿ ಫಾಂಟ್‌ನ ಫೈಲು. ಅದರಲ್ಲಿ ಒಳಗೆ ಕೂತಿರುವುದು ಇಂಗ್ಲಿಷ್ ಅಕ್ಷರಗಳ ಜಾಗದ ಸಂಕೇತ, ಫಾಂಟ್ ಅದಕ್ಕೆ ಕನ್ನಡದ ವೇಷ ತೊಡಿಸುತ್ತದೆ, ಅಷ್ಟೇ. ಸ್ಕ್ರೀನ್ ರೀಡರ್‌ಗೆ ವೇಷ ಕಾಣುವುದಿಲ್ಲ, ಒಳಗಿರುವುದನ್ನು ಓದುತ್ತದೆ. ಕಣ್ಣಿಗೆ ಕನ್ನಡ, ಕಿವಿಗೆ ಕಸ. ಆರ್ಕಾ ಆದರೂ ಅದೇ, ವಾಯ್ಸ್‌ಓವರ್ ಆದರೂ ಅದೇ.

ವರ್ಡ್ ಫೈಲಾದರೆ ಪಠ್ಯವನ್ನು ಕಾಪಿ ಮಾಡಿ ನುಡಿಯಿಂದ ಯೂನಿಕೋಡ್‌ಗೆ, ಅಂದರೆ ಕನ್ನಡ ಅಕ್ಷರಕ್ಕೆ ಕನ್ನಡದ್ದೇ ಸಂಕೇತ ಇರುವ ಪದ್ಧತಿಗೆ, ಬದಲಿಸುವ ಕನ್ವರ್ಟರ್‌ಗೆ ಹಾಕಿ, ಬಿಟ್ಟಿ ಸಿಗುವಂಥವು ಇವೆ. ಒತ್ತಕ್ಷರ ಒಂದೆರಡು ಕೆಡಬಹುದು, ಅರ್ಥ ಕೆಡುವುದಿಲ್ಲ. ಸ್ಕ್ಯಾನ್ ಮಾಡಿದ ಪಿಡಿಎಫ್ ಆದರೆ ಗೂಗಲ್ ಡ್ರೈವ್‌ಗೆ ಏರಿಸಿ, ಗೂಗಲ್ ಡಾಕ್ಸ್‌ನಲ್ಲಿ ತೆರೆಯಿರಿ, ಚಿತ್ರದಲ್ಲಿರುವ ಕನ್ನಡವನ್ನು ಅಕ್ಷರ ಮಾಡಿ ಕೊಡುತ್ತದೆ. ಸೀಲು, ಸಹಿ ಬಿದ್ದ ಜಾಗದಲ್ಲಿ ಮಾತ್ರ ತಪ್ಪು ಹೆಚ್ಚು, ಮತ್ತು ದಿನಾಂಕ, ಆದೇಶ ಸಂಖ್ಯೆಗಳನ್ನು ಯಾರಿಂದಲಾದರೂ ಇನ್ನೊಮ್ಮೆ ಓದಿಸಿಕೊಳ್ಳಿ.

ಇಷ್ಟಕ್ಕೂ ಕಳಿಸುವವರೇ ಯೂನಿಕೋಡ್‌ನಲ್ಲಿ ಟೈಪ್ ಮಾಡಿದರೆ ಈ ಒದ್ದಾಟವೇ ಇಲ್ಲ. ನುಡಿಯ ಕೀಲಿಮಣೆಯಲ್ಲೇ ಬೆರಳು ಕೂತಿದ್ದರೂ ಚಿಂತೆ ಇಲ್ಲ, ಅದೇ ಕೀಲಿಮಣೆಯಲ್ಲಿ ಯೂನಿಕೋಡ್ ಕೂಡ ಮೂಡಿಸಬಹುದು. ನಾನು ಎರಡು ವರ್ಷ ಅರ್ಜಿ ಬರೆದು ಬರೆದು ಸಾಕಾಗಿ, ಒಂದು ದಿನ ಲ್ಯಾಪ್‌ಟಾಪ್ ಹಿಡಿದುಕೊಂಡು ಒಂದು ಕಚೇರಿಗೆ ಹೋಗಿ, ಅವರೇ ಕಳಿಸಿದ ಸುತ್ತೋಲೆಯನ್ನು ಸ್ಪೀಕರ್‌ನಲ್ಲಿ ಜೋರಾಗಿ ಓದಿಸಿದೆ. ಅರ್ಧ ನಿಮಿಷ ಎಲ್ಲರೂ ನಕ್ಕರು, ಆಮೇಲೆ ಟೈಪಿಸ್ಟ್ ಅಕ್ಕ "ಇದು ಇಷ್ಟು ದಿನ ಹೀಗಾ ಕೇಳಿಸ್ತಿತ್ತು ನಿಮಗೆ?" ಅಂದರು. ಮುಂದಿನ ಸುತ್ತೋಲೆ ಯೂನಿಕೋಡ್‌ನಲ್ಲಿ ಬಂತು.