ಒಂದೇ ರೆಂಬೆಯಲ್ಲಿ ಹೂವೂ ಕಾಯಿಯೂ

ಪ್ರಶ್ನೆ: ನಮ್ಮ ಸೀಮೆಯ ಹಳೆಯ ಸಸ್ಯಚಿತ್ರಗಳನ್ನೂ ದಾಖಲೆಗಳನ್ನೂ ಆಧರಿಸಿ ಈಗಿನ ಕಲಾವಿದರು ರಚಿಸಿದ ಕೃತಿಗಳ ಪ್ರದರ್ಶನವೊಂದನ್ನು ನೋಡಿದೆ. ಹಲವು ಚಿತ್ರಗಳಲ್ಲಿ ಮೊಗ್ಗು, ಹೂವು, ಬಲಿತ ಕಾಯಿ ಎಲ್ಲವೂ ಒಂದೇ ರೆಂಬೆಯಲ್ಲಿದ್ದವು. ಇದು ಬರಿಯ ಕಲ್ಪನೆಯಲ್ಲವೇ? ಮೂಲ ಚಿತ್ರಗಳನ್ನು ಬರೆದವರ ಹೆಸರು ಕಾಣದಿರುವುದೇಕೆ?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಕಲ್ಪನೆಯಲ್ಲ, ಅದು ಸಸ್ಯಚಿತ್ರದ ಕ್ರಮ. ಇಂತಹ ಚಿತ್ರದ ಉದ್ದೇಶ ಒಂದು ದಿನ ಕಂಡ ಒಂದು ಗಿಡವನ್ನು ತೋರಿಸುವುದಲ್ಲ. ಆ ಜಾತಿಯ ಯಾವ ಗಿಡವನ್ನಾದರೂ ಗುರುತಿಸಲು ಬೇಕಾದ ಲಕ್ಷಣಗಳನ್ನೆಲ್ಲ ಒಂದು ಹಾಳೆಗೆ ತರುವುದು. ಆದ್ದರಿಂದಲೇ ಎಲೆಯೊಂದನ್ನು ಮಡಚಿ ಅದರ ಕೆಳಮೈಯ ನರಗಳನ್ನು ಕಾಣಿಸುತ್ತಾರೆ, ಹಾಳೆಯ ಬುಡದಲ್ಲಿ ಕೇಸರವನ್ನೂ ಅಡ್ಡಲಾಗಿ ಕೊಯ್ದ ಅಂಡಾಶಯವನ್ನೂ ಹಿಗ್ಗಿಸಿ ಬರೆಯುತ್ತಾರೆ. ಒತ್ತಿ ಒಣಗಿಸಿದ ಮಾದರಿಯಲ್ಲಿ ಹೂವಿನ ಬಣ್ಣ ಕಂದುತ್ತದೆ, ತಿರುಳುಳ್ಳ ಹಣ್ಣು ಆಕಾರಗೆಡುತ್ತದೆ. ಹಸಿ ಗಿಡವನ್ನು ಎದುರಿಗಿಟ್ಟುಕೊಂಡು ಬರೆದ ಜಲವರ್ಣವು ಆ ಕೊರತೆಯನ್ನು ತುಂಬುತ್ತಿತ್ತು. ಅಂಚಿನ ಟಿಪ್ಪಣಿಗಳನ್ನು ಕತ್ತರಿಸಿ ಹೂವನ್ನಷ್ಟೇ ದೊಡ್ಡದು ಮಾಡಿ ತೂಗುಹಾಕುವ ಪ್ರದರ್ಶನಗಳು, ನನ್ನ ಮಟ್ಟಿಗೆ, ಮೂಲದ ಅರ್ಧ ಸತ್ವವನ್ನು ಕಳೆದುಕೊಳ್ಳುತ್ತವೆ.

ಎರಡನೆಯ ಪ್ರಶ್ನೆಗೆ ನಿಮ್ಮ ಊರಿನಲ್ಲಿಯೇ ಒಳ್ಳೆಯ ಉದಾಹರಣೆಯಿದೆ. ಈಸ್ಟ್ ಇಂಡಿಯಾ ಕಂಪನಿಯ ವೈದ್ಯರಾಗಿದ್ದ, ಸ್ಕಾಟ್ಲೆಂಡ್ ಮೂಲದ ಹ್ಯೂ ಕ್ಲೆಗ್‌ಹಾರ್ನ್ 1845ರಿಂದ 1847ರವರೆಗೆ ಶಿವಮೊಗ್ಗದಲ್ಲಿದ್ದಾಗ ಮರಾಠಿ ಕಲಾವಿದರೊಬ್ಬರಿಂದ ಸುತ್ತಲಿನ ಗಿಡಗಳ ಚಿತ್ರಗಳನ್ನು ಬರೆಸಿದರು. ಆ ಹಾಳೆಗಳು ಇಂದು ಎಡಿನ್‌ಬರೋದ ರಾಯಲ್ ಬೊಟಾನಿಕ್ ಗಾರ್ಡನ್‌ನ ಸಂಗ್ರಹದಲ್ಲಿವೆ. ಬರೆಸಿದವರ ಹೆಸರು ಉಳಿಯಿತು, ಬರೆದವರದು ಉಳಿಯಲಿಲ್ಲ. ಕಲಾವಿದರನ್ನು ಸಂಬಳದ ನೌಕರರೆಂದೇ ಎಣಿಸುತ್ತಿದ್ದ ಕಾಲವದು. ಎಲ್ಲರೂ ಹೀಗೆ ಮರೆಯಾದರೆಂದಲ್ಲ: ಮದರಾಸು ಪ್ರಾಂತ್ಯದಲ್ಲಿ ಸಸ್ಯಶಾಸ್ತ್ರಜ್ಞ ರಾಬರ್ಟ್ ವೈಟ್ ಅವರಿಗಾಗಿ ದುಡಿದ ರಂಗಯ್ಯ ಮತ್ತು ಗೋವಿಂದು ಎಂಬ ಕಲಾವಿದರ ಹೆಸರುಗಳು ಮುದ್ರಿತ ಫಲಕಗಳಲ್ಲಿಯೇ ಸಿಗುತ್ತವೆ, ಅಲ್ಲದೆ ವೈಟ್ ಅವರು ಆರ್ಕಿಡ್‌ಗಳ ಒಂದು ಕುಲಕ್ಕೆ ‘ಗೋವಿಂದೂಯಿಯ’ ಎಂದೇ ಹೆಸರಿಟ್ಟರು (ಈಗ ಅದು ‘ಟ್ರಾಪಿಡಿಯ’ ಕುಲದಲ್ಲಿ ಸೇರಿಹೋಗಿದೆ).

ಹಾಗಾಗಿ ಹೆಸರು ತಿಳಿಯದಿದ್ದರೂ ‘ಶಿವಮೊಗ್ಗದಲ್ಲಿ ದುಡಿದ ಮರಾಠಿ ಕಲಾವಿದ, 1845–47’ ಎಂಬಷ್ಟನ್ನಾದರೂ ಮೂಲಚಿತ್ರದ ಕೆಳಗಿನ ಚೀಟಿಯಲ್ಲಿ ಬರೆಯಬಹುದು. ಮುಂದಿನ ಸಲ ಇಂತಹ ಪ್ರದರ್ಶನಕ್ಕೆ ಹೋದಾಗ, ಹೊಸ ಕೃತಿಯ ಪಕ್ಕದಲ್ಲಿ ಮೂಲ ಹಾಳೆಯ ಪ್ರತಿಯನ್ನೂ ಇಟ್ಟಿದ್ದಾರೆಯೇ ಎಂದು ಆಯೋಜಕರನ್ನು ಕೇಳಿ ನೋಡಿ.