ಬಸ್ಸು ದಾಟಿತು, ಭಯ ಯಾಕೆ ದಾಟಲಿಲ್ಲ?

ಪ್ರಶ್ನೆ: ಸಿಲ್ಕ್ ಬೋರ್ಡ್ ಹತ್ತಿರ ಬಸ್ಸೊಂದು ನನ್ನ ಸ್ಕೂಟರಿಗೆ ಒತ್ತಿಕೊಂಡೇ ಬಂತು. ಏಟೇನೂ ಆಗಲಿಲ್ಲ. ಎದೆ ಆ ಕ್ಷಣವೇ ಹೊಡೆದುಕೊಂಡಿತು. ಆದರೆ ಆಫೀಸು ಸೇರಿ ಗಂಟೆಯಾದರೂ ಮೈ ತಹಬಂದಿಗೆ ಬರಲಿಲ್ಲ. ಯಾಕೆ?
– ಓದುಗರು, ಎಚ್‌ಎಸ್‌ಆರ್ ಲೇಔಟ್

ಉತ್ತರ: ಮಿದುಳಿನಿಂದ ಆಗ ಹೊರಟದ್ದು ಎರಡು ಆದೇಶ. ಒಂದು ನರದ ಮೂಲಕ, ಇನ್ನೊಂದು ರಕ್ತದ ಮೂಲಕ.

ಎರಡಕ್ಕೂ ಮೂಲ ಅಪಾಯವನ್ನು ಗುರುತಿಸುವ ಅಮಿಗ್ಡಲಾ. ಮಿದುಳಿನ ಎರಡೂ ಬದಿಯಲ್ಲಿ, ಟೆಂಪೊರಲ್ ಹಾಲೆಯ ಒಳಗೆ ಹುದುಗಿರುವ ಬಾದಾಮಿಯಾಕಾರದ ನರಕೋಶಗಳ ಗುಂಪು ಅದು. ಕಂಡದ್ದು, ಕೇಳಿದ್ದು ಅದರ ಪಾರ್ಶ್ವ ಭಾಗಕ್ಕೆ ಬರುತ್ತದೆ. ಹೊರಹೋಗುವ ಆದೇಶ ಹೆಚ್ಚಾಗಿ ಕೇಂದ್ರ ಭಾಗದಿಂದ.

ನರದ ದಾರಿ ಚುರುಕು. ಮಿದುಳಿನ ಬುಡದಲ್ಲಿರುವ ಹೈಪೊಥಾಲಮಸ್, ಮಿದುಳುಕಾಂಡ, ಬೆನ್ನುಹುರಿ ದಾಟಿ ಸಂದೇಶ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯ ಒಳತಿರುಳು ಮುಟ್ಟುತ್ತದೆ. ಅಲ್ಲಿ ಅಡ್ರಿನಲಿನ್ ಮೊದಲೇ ತಯಾರಾಗಿ ಕೂತಿರುತ್ತದೆ, ಸೆಕೆಂಡುಗಳಲ್ಲಿ ರಕ್ತಕ್ಕೆ ಇಳಿಯುತ್ತದೆ. ಕೆಲವೇ ನಿಮಿಷದಲ್ಲಿ ಕರಗಿಯೂ ಹೋಗುತ್ತದೆ.

ರಕ್ತದ ದಾರಿಯೇ ಸ್ವಾರಸ್ಯದ್ದು. ಚಿತ್ರಗಳಲ್ಲಿ ಅಮಿಗ್ಡಲಾದಿಂದ ಹೈಪೊಥಾಲಮಸ್‌ಗೆ ನೇರ ಬಾಣ ಎಳೆದಿರುತ್ತಾರೆ. ಆದರೆ ಹೈಪೊಥಾಲಮಸ್‌ನೊಳಗೆ ಹಾರ್ಮೋನಿನ ಕೀಲಿ ಇರುವ ಪಿವಿಎನ್ ಎಂಬ ನರಕೋಶಗಳ ಗುಂಪಿಗೆ ಅಮಿಗ್ಡಲಾದ ಕೇಂದ್ರ ಭಾಗದಿಂದ ಹೋಗುವ ನೇರ ತಂತುಗಳು ಬಹಳ ಕಡಿಮೆ. ಬಹುಪಾಲು ಸಂದೇಶ ಸ್ಟ್ರಯಾ ಟರ್ಮಿನಾಲಿಸ್ ಎಂಬ ತಂತುಕಟ್ಟಿನಲ್ಲಿ ಬಳಸಿ ಬಂದು, ಬಿಎನ್‌ಎಸ್‌ಟಿ ಎಂಬ ನಡುಠಾಣೆಯಲ್ಲಿ ಕೈ ಬದಲಿಸುತ್ತದೆ. ಕೇಂದ್ರ ಭಾಗದ ನರಕೋಶಗಳು ಬಹುತೇಕ ಗಾಬಾ ಎಂಬ ರಾಸಾಯನಿಕ ಬಿಡುವಂಥವು, ಅಂದರೆ ಮುಂದಿನ ಕೋಶವನ್ನು ತಡೆಯುವಂಥವು. ಪಿವಿಎನ್ ಅನ್ನು ಹಿಡಿದಿಟ್ಟಿದ್ದ ಕೋಶಗಳನ್ನೇ ಅವು ತಡೆಯುತ್ತವೆ. ಹಿಡಿತ ಸಡಿಲಿ ಪಿವಿಎನ್ ಎಚ್ಚರಗೊಳ್ಳುತ್ತದೆ.

ಅದು ಸಿಆರ್‌ಎಚ್ ಎಂಬ ಹಾರ್ಮೋನನ್ನು ಪುಟ್ಟ ರಕ್ತನಾಳಗಳಿಗೆ ಬಿಡುತ್ತದೆ. ಅದು ಮುಟ್ಟಿದಾಗ ಕೆಳಗಿನ ಪಿಟ್ಯುಟರಿ ಗ್ರಂಥಿಯ ಮುಂಭಾಗ ಎಸಿಟಿಎಚ್ ಎಂಬ ಇನ್ನೊಂದು ಹಾರ್ಮೋನ್ ಸುರಿಸುತ್ತದೆ, ಅದರಿಂದ ಅಡ್ರಿನಲ್ ಗ್ರಂಥಿಯ ಹೊರಪದರ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನ್ ಕೊಡುತ್ತದೆ. ಇದಕ್ಕೆ ದಾಸ್ತಾನಿಲ್ಲ, ಕೊಲೆಸ್ಟ್ರಾಲ್‌ನಿಂದ ಆಗಿಂದಾಗ್ಗೆ ತಯಾರಾಗಬೇಕು. ಹಾಗಾಗಿ ಅದು ಏರಿ ತುದಿ ಮುಟ್ಟುವುದು ಸುಮಾರು 20–30 ನಿಮಿಷದ ಮೇಲೆ. ಆಮೇಲೂ ಅರ್ಧಕ್ಕಿಳಿಯಲು 60ರಿಂದ 90 ನಿಮಿಷ ಬೇಕು. ನೀವು ಆಫೀಸಿನಲ್ಲಿ ಕೂತಿದ್ದಾಗ ಅದು ಇನ್ನೂ ರಕ್ತದಲ್ಲಿತ್ತು.

ಕೈ ಇನ್ನೂ ನಡುಗುತ್ತಿದ್ದರೆ ಅದು ಕಾರ್ಟಿಸಾಲ್ ಅಲ್ಲ, ಮತ್ತೆ ಇಳಿದ ಅಡ್ರಿನಲಿನ್ ಕೆಲಸ. ಬಂದವರಿಗೆಲ್ಲ ಘಟನೆ ವಿವರಿಸುತ್ತಾ ಕೂತರೆ ಅಮಿಗ್ಡಲಾ ಮತ್ತೆ ಮತ್ತೆ ಕೆರಳಬಹುದು. ಗಟ್ಟಿ ಕಾಫಿಯೂ ಅದಕ್ಕೆ ಕೂಡಿಕೊಳ್ಳುತ್ತದೆ. ಹತ್ತು ನಿಮಿಷ ನಡೆಯಿರಿ. ಉಸಿರು ಎಳೆಯುವುದಕ್ಕಿಂತ ಬಿಡುವುದು ದೀರ್ಘವಾಗಿರಲಿ.

ದಿನವೂ ಇದೇ ಪಾಡಾದರೆ? ಬೆಂಗಳೂರಿನದೇ ಎನ್‌ಸಿಬಿಎಸ್ ಎಂಬ ಜೀವವಿಜ್ಞಾನ ಸಂಸ್ಥೆಯ ಸಂಶೋಧಕರು ಇಲಿಗಳನ್ನು ದಿನಕ್ಕೆ 2 ಗಂಟೆಯಂತೆ 10 ದಿನ ಅಲ್ಲಾಡದಂತೆ ಇಟ್ಟು ನೋಡಿ, 2002ರಲ್ಲಿ ಪ್ರಕಟಿಸಿದರು. ಹಿಪೊಕ್ಯಾಂಪಸ್‌ನ ನರಕೋಶಗಳ ಕವಲುಗಳು ಕುಗ್ಗಿದ್ದವು, ಅಮಿಗ್ಡಲಾದವು ಬೆಳೆದಿದ್ದವು. ಕಾರ್ಟಿಸಾಲ್‌ಗೆ 'ಸಾಕು' ಎನ್ನಲು ನೆರವಾಗುವ ಜಾಗ ಹಿಪೊಕ್ಯಾಂಪಸ್. ಅದು ಸೊರಗಿ, ಕೆರಳಿಸುವ ಜಾಗ ಕೊಬ್ಬುವುದು ಸಣ್ಣ ವಿಷಯವಲ್ಲ.

ಪ್ರಶ್ನೆ: ಟೆನ್ಷನ್ ಎಷ್ಟಿದೆ ಎಂದು ತಿಳಿಯಲು ಕಾರ್ಟಿಸಾಲ್ ಪರೀಕ್ಷೆ ಮಾಡಿಸಲೇ?
– ಓದುಗರು, ಮಲ್ಲೇಶ್ವರ

ಉತ್ತರ: ಬೇಡ. ಬೆಳಿಗ್ಗೆ 8ಕ್ಕೆ ಡೆಸಿಲೀಟರಿಗೆ ಸುಮಾರು 5ರಿಂದ 25 ಮೈಕ್ರೋಗ್ರಾಂ ಇರುವುದು ಸಹಜ, ನಡುರಾತ್ರಿ ಅದು ತೀರಾ ಇಳಿಯುತ್ತದೆ. ಒಂದು ಅಂಕಿಯಿಂದ ಟೆನ್ಷನ್ ಅಳೆಯಲಾಗದು. ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆ ನುಂಗುವವರಲ್ಲಿ ಅಂಕಿ ಸುಮ್ಮನೆ ಏರಿ ಕಾಣುತ್ತದೆ. ಕಾರ್ಟಿಸಾಲ್ ಅತಿಯಾಗುವ ಕುಶಿಂಗ್ ಕಾಯಿಲೆಯ ಅನುಮಾನವಿದ್ದರೆ ವೈದ್ಯರು ರಾತ್ರಿ 11ಕ್ಕೆ 1 ಮಿಲಿಗ್ರಾಂ ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್ ಕೊಟ್ಟು, ಮರುದಿನ 8ಕ್ಕೆ ರಕ್ತ ತೆಗೆಯುತ್ತಾರೆ, ಕಾರ್ಟಿಸಾಲ್ 1.8 ಮೈಕ್ರೋಗ್ರಾಂಗಿಂತ ಕೆಳಗಿಳಿಯದಿದ್ದರೆ ಮುಂದಿನ ತಪಾಸಣೆ. ಸ್ಟೀರಾಯ್ಡ್ ಮಾತ್ರೆ, ಇನ್‌ಹೇಲರ್, ಮುಲಾಮು ಬಳಸುತ್ತಿದ್ದರೆ ಮೊದಲೇ ಹೇಳಿ. ಪರೀಕ್ಷೆಗೆಂದು ಸ್ಟೀರಾಯ್ಡ್ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ: ಬಹುದಿನ ನುಂಗಿದವರ ಅಡ್ರಿನಲ್ ತಾನೇ ಕಾರ್ಟಿಸಾಲ್ ತಯಾರಿಸುವುದನ್ನು ಬಿಟ್ಟಿರಬಹುದು, ರಕ್ತದೊತ್ತಡ ಕುಸಿದು ಜೀವಕ್ಕೇ ಅಪಾಯವಾಗಬಹುದು.