ಹಸಿವಿಲ್ಲದ ರಾತ್ರಿ ಲೆಕ್ಕ ತುಂಬಿಸಲು ತಿನ್ನಬೇಕೆ?

ಪ್ರಶ್ನೆ: ಐದು ತಿಂಗಳಿಂದ ತೂಕ ಇಳಿಸುತ್ತಿದ್ದೇನೆ. ದಿನಕ್ಕೆ 1500 ಕ್ಯಾಲೊರಿ ಎಂದು ಫೋನಿನ ಆ್ಯಪ್ ಗುರಿ ಕೊಟ್ಟಿದೆ. ಎಂಟು ಕಿಲೊ ಇಳಿದಿದ್ದೇನೆ. ಆದರೆ ವಾರದಲ್ಲಿ ಒಂದೆರಡು ದಿನ ಕೆಲಸದ ಗಡಿಬಿಡಿಯಲ್ಲೋ, ಹಸಿವೇ ಆಗದೆಯೋ 1100ಕ್ಕೇ ನಿಂತುಬಿಡುತ್ತದೆ. ಆ ದಿನ ಪರದೆ ಕೆಂಪಾಗುತ್ತದೆ. ಹೀಗಾದರೆ ದೇಹ 'ಸ್ಟಾರ್ವೇಶನ್ ಮೋಡ್‌'ಗೆ ಹೋಗಿ ಕೊಬ್ಬು ಕರಗುವುದೇ ನಿಲ್ಲುತ್ತದೆ ಎಂದು ಗೆಳತಿ ಹೆದರಿಸಿದ್ದಾಳೆ. ಅದಕ್ಕೇ ಹಸಿವಿಲ್ಲದಿದ್ದರೂ ರಾತ್ರಿ ಏನಾದರೂ ತಿಂದು 1500 ಮುಟ್ಟಿಸುತ್ತೇನೆ. ತಿನ್ನಲು ಆಗದ ದಿನ ತಿಂದೆ ಎಂದು ಸುಳ್ಳು ಬರೆದದ್ದೂ ಇದೆ. ನಾನು ಮಾಡುತ್ತಿರುವುದು ಸರಿಯೇ? (ಹೆಸರು ಬೇಡ ಎಂದಿದ್ದಾರೆ)

ಉತ್ತರ: ನಿಮ್ಮ ಪತ್ರ ನಾಲ್ಕು ದಿನದಿಂದ ನನ್ನ ಮೇಜಿನ ಮೇಲಿದೆ. ಎರಡು ಸಾಲಿನಲ್ಲಿ ಉತ್ತರಿಸಿ ಮುಗಿಸಬಹುದಿತ್ತು. ಆದರೆ ಆ ಕೊನೆಯ ಸಾಲು, ತಿನ್ನದಿದ್ದರೂ ತಿಂದೆ ಎಂದು ಬರೆದ ಸಾಲು, ನನ್ನನ್ನು ಬಿಡಲಿಲ್ಲ. ಐದು ತಿಂಗಳು ಬಾಯಿ ಕಟ್ಟಿ ಎಂಟು ಕಿಲೊ ಇಳಿಸಿದವರು ನೀವು. ಅಂಥವರು ರಾತ್ರಿ ಕೂತು ಒಂದು ಯಂತ್ರಕ್ಕೆ ಸುಳ್ಳು ಲೆಕ್ಕ ಒಪ್ಪಿಸುವ ಪರಿಸ್ಥಿತಿ ಬಂದಿದೆಯೆಂದರೆ, ತಪ್ಪು ನಿಮ್ಮದಲ್ಲ.

ಮೊದಲು ಗೆಳತಿಯ ಮಾತಿಗೆ ಸಲ್ಲಬೇಕಾದ್ದನ್ನು ಸಲ್ಲಿಸಿಬಿಡುತ್ತೇನೆ. ವಾರಗಟ್ಟಲೆ ಅರೆಹೊಟ್ಟೆಯಲ್ಲಿರುವುದು ಒಳ್ಳೆಯದಲ್ಲ. ತೀರಾ ಬೇಗ ತೂಕ ಇಳಿದರೆ ಪಿತ್ತಕೋಶದಲ್ಲಿ ಕಲ್ಲಾಗಬಹುದು, ಕೂದಲು ಉದುರಬಹುದು, ಮುಟ್ಟು ನಿಲ್ಲಬಹುದು. ದಿನಕ್ಕೆ 800 ಕ್ಯಾಲೊರಿಯಂಥ ಡಯಟ್ ವೈದ್ಯರ ಕಣ್ಗಾವಲಿನಲ್ಲಿ ಮಾತ್ರ ನಡೆಯಬೇಕಾದ್ದು. ಮಧುಮೇಹಕ್ಕೆ ಇನ್ಸುಲಿನ್ ಅಥವಾ ಸಕ್ಕರೆ ತಗ್ಗಿಸುವ ಮಾತ್ರೆ ತೆಗೆದುಕೊಳ್ಳುವವರು, ಬಸುರಿ ಬಾಣಂತಿಯರು, ಬೆಳೆಯುವ ಮಕ್ಕಳು, ಹಿಂದೆಂದಾದರೂ ಊಟ ಬಿಡುವ ಗೀಳಿಗೆ ಸಿಕ್ಕಿ ನರಳಿದವರು, ಇವರಿಗೆ ನನ್ನ ಮುಂದಿನ ಮಾತುಗಳು ಅನ್ವಯಿಸುವುದಿಲ್ಲ. ಅವರು ವೈದ್ಯರನ್ನೇ ಕೇಳಬೇಕು.

ನಿಮ್ಮದು ಆ ಕಥೆಯಲ್ಲ. ವಾರಕ್ಕೆ ಒಂದೆರಡು ದಿನ, ಹಸಿವಿಲ್ಲದೆ, 400 ಕ್ಯಾಲೊರಿ ಕಡಿಮೆ. ಇಷ್ಟಕ್ಕೆ ದೇಹ ಮುಷ್ಕರ ಹೂಡುವುದಿಲ್ಲ.

'ಸ್ಟಾರ್ವೇಶನ್ ಮೋಡ್' ಎಂಬ ಮಾತು ಗಾಳಿಯಿಂದ ಹುಟ್ಟಿದ್ದಲ್ಲ. ಎರಡನೇ ಮಹಾಯುದ್ಧದ ಕೊನೆಗಾಲದಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಯುವಕರ ಮೇಲೆ ಒಂದು ಪ್ರಯೋಗ ನಡೆಸಿದರು. ಯುದ್ಧದಿಂದ ಕಂಗೆಟ್ಟು ಹಸಿದಿದ್ದ ಜನರಿಗೆ ಮತ್ತೆ ಉಣ್ಣಿಸುವುದು ಹೇಗೆಂದು ತಿಳಿಯಬೇಕಾಗಿತ್ತು. ಆ ಯುವಕರೆಲ್ಲ ಕೊಲ್ಲಲು ಒಲ್ಲೆವೆಂದು ಯುದ್ಧಕ್ಕೆ ಹೋಗದೆ, ತಮ್ಮ ದೇಹವನ್ನೇ ಒಪ್ಪಿಸಿದವರು. 24 ವಾರ ಅವರಿಗೆ ಅರೆಹೊಟ್ಟೆಯ ಊಟ, ಅದರ ಜೊತೆಗೆ ವಾರಕ್ಕೆ 22 ಮೈಲಿ ನಡಿಗೆ. ಮೈತೂಕದ ಸುಮಾರು ಕಾಲುಭಾಗ ಇಳಿದುಹೋಯಿತು. ಸುಮ್ಮನೆ ಮಲಗಿದ್ದಾಗ ದೇಹ ಸುಡುವ ಶಕ್ತಿ ಶೇಕಡ 40ರಷ್ಟು ಕುಸಿಯಿತು. ತಟ್ಟೆ ನೆಕ್ಕುತ್ತಿದ್ದರು, ಅಡುಗೆ ಪುಸ್ತಕಗಳನ್ನು ಕಾದಂಬರಿಯಂತೆ ಓದುತ್ತಿದ್ದರು. ಓದಿದಾಗ ಕರುಳು ಚುರ್ರೆನ್ನುತ್ತದೆ. ಆದರೆ ಒಂದನ್ನು ಗಮನಿಸಿ. ಅಷ್ಟೆಲ್ಲ ಆದರೂ ಅವರ ತೂಕ ಇಳಿಯುತ್ತಲೇ ಇತ್ತು. ಇಳಿಯುವ ವೇಗ ತಗ್ಗಿತು, ನಿಲ್ಲಲಿಲ್ಲ. ಆರು ತಿಂಗಳ ಹಸಿವಿನ ಆ ಪಾಠವನ್ನು ಯಾರೋ ಮಂಗಳವಾರ ರಾತ್ರಿ ಊಟ ತಪ್ಪಿಸಿದವರ ಮೇಲೆ ಹೇರಿದ್ದಾರೆ. ಕೊಬ್ಬು ಕರಗುವುದೇ ನಿಲ್ಲುತ್ತದೆ ಎಂಬುದು ತಪ್ಪು. ಗೆಳತಿಯ ಮಾತಿನಲ್ಲಿ ನಿಜವಿರುವಷ್ಟು ಭಾಗವೂ ಬೇರೆಯವರ ಕಥೆ.

ಒಂದು ದಿನಕ್ಕೆ ಏನಾಗುತ್ತದೆ ಎನ್ನುವುದನ್ನೂ ಅಳೆದಿದ್ದಾರೆ. 2000ದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 11 ಮಂದಿ ಆರೋಗ್ಯವಂತರು ಮೂರೂವರೆ ದಿನ ಪೂರ್ತಿ ಉಪವಾಸವಿದ್ದರು. ಮೊದಲ ದಿನಗಳಲ್ಲಿ ವಿಶ್ರಾಂತಿಯಲ್ಲಿದ್ದಾಗ ದೇಹ ಸುಡುವ ಶಕ್ತಿ ಇಳಿಯಲಿಲ್ಲ, ತುಸು ಏರಿತು. ನಾರ್‌ಅಡ್ರಿನಲಿನ್ ಎಂಬ ಹಾರ್ಮೋನು ಹೆಚ್ಚಾಗಿ ದೇಹ ಇನ್ನಷ್ಟು ಚುರುಕಾಗುತ್ತದೆ. ಆಹಾರ ಸಿಗದ ದಿನ ಸೋತು ಮಲಗಿಬಿಡುವ ಪ್ರಾಣಿ ಮರುದಿನ ಆಹಾರ ಹುಡುಕಲು ಹೇಗೆ ಏಳಬೇಕು? ಉಪವಾಸವೇ ಹೀಗಿರುವಾಗ 1100 ಕ್ಯಾಲೊರಿ ತಿಂದ ದಿನದ ಬಗ್ಗೆ ಹೆದರಿಕೆ ಯಾಕೆ? ಸ್ನಾಯು ಕರಗುವ ಭಯವಿದ್ದರೆ ಊಟದಲ್ಲಿ ಪ್ರೋಟೀನು ಸಾಕಷ್ಟಿರಲಿ, ವಾರಕ್ಕೆರಡು ದಿನ ಭಾರ ಎತ್ತುವ ವ್ಯಾಯಾಮ ಮಾಡಿ. ಸ್ನಾಯು ಕಾಯುವುದು ಅವೆರಡೇ. ರಾತ್ರಿ ಹನ್ನೊಂದರ ತಿಂಡಿ ಅಲ್ಲ.

ಇನ್ನು ಆ 1500. ಅದು ಎಲ್ಲಿಂದ ಬಂತು ಎಂದು ಎಂದಾದರೂ ಯೋಚಿಸಿದ್ದೀರಾ? ಇಂಥ ಆ್ಯಪ್‌ಗಳು ಸಾಮಾನ್ಯವಾಗಿ ನಿಮ್ಮ ವಯಸ್ಸು, ಎತ್ತರ, ತೂಕವನ್ನು ಒಂದು ಸೂತ್ರಕ್ಕೆ ಹಾಕುತ್ತವೆ. ಬಹಳ ಕಡೆ ಬಳಕೆಯಲ್ಲಿರುವುದು 1990ರಲ್ಲಿ 498 ಮಂದಿಯನ್ನು ಅಳೆದು ಕಟ್ಟಿದ ಮಿಫ್ಲಿನ್–ಸೇಂಟ್ ಜೋರ್ ಸೂತ್ರ. ಒಳ್ಳೆಯ ಸೂತ್ರವೇ, ಆದರೂ ಒಬ್ಬೊಬ್ಬರಲ್ಲಿ ಶೇಕಡ ಹತ್ತು ಆಚೀಚೆ ಆಗುವುದು ಸಾಮಾನ್ಯ. ಬಂದ ಉತ್ತರವನ್ನು 'ನೀವು ಎಷ್ಟು ಓಡಾಡುತ್ತೀರಿ' ಎಂಬ ಅಂದಾಜಿನಿಂದ ಗುಣಿಸುತ್ತಾರೆ. ಅದರಲ್ಲಿ 500 ಕಳೆಯುತ್ತಾರೆ. ಈ 500ರ ಹಿಂದಿರುವುದು 1958ರಲ್ಲಿ ಮ್ಯಾಕ್ಸ್ ವಿಶ್ನೋಫ್‌ಸ್ಕಿ ಎಂಬ ವೈದ್ಯರು ಕೊಟ್ಟ ಲೆಕ್ಕ: ಒಂದು ಪೌಂಡು ಮೈತೂಕಕ್ಕೆ 3500 ಕ್ಯಾಲೊರಿ. ವಾರಕ್ಕೆ ಒಂದು ಪೌಂಡು ಇಳಿಯಬೇಕೆಂದರೆ ದಿನಕ್ಕೆ 500 ಆಯಿತು. ಅಂದಾಜನ್ನು ಅಂದಾಜಿನಿಂದ ಗುಣಿಸಿ, ಇನ್ನೊಂದು ಅಂದಾಜು ಕಳೆದು ಸಿಕ್ಕಿದ್ದು ನಿಮ್ಮ 1500. ಶಿಲಾಶಾಸನವೇನಲ್ಲ.

ತಿಂದದ್ದನ್ನು ಬರೆದಿಡುವ ನಮ್ಮ ಲೆಕ್ಕವೂ ಅಷ್ಟೇ. 1992ರ ಒಂದು ಪ್ರಸಿದ್ಧ ಅಧ್ಯಯನದಲ್ಲಿ, ಎಷ್ಟು ಡಯಟ್ ಮಾಡಿದರೂ ತೂಕ ಇಳಿಯುತ್ತಿಲ್ಲ ಎಂದು ಬಂದವರು ತಾವು ತಿಂದದ್ದನ್ನು ಸರಾಸರಿ ಶೇಕಡ 47ರಷ್ಟು ಕಡಿಮೆ ಬರೆದಿದ್ದರು. ಅವರು ಮೋಸಗಾರರಲ್ಲ. ಬಾಣಲೆಗೆ ಬಿದ್ದ ದೊಡ್ಡ ಚಮಚ ಎಣ್ಣೆಯಲ್ಲೇ 120 ಕ್ಯಾಲೊರಿ ಇರುತ್ತದೆ, ಕೈ ಸ್ವಲ್ಪ ಜಾರಿದರೆ 200. ಅದನ್ನು ಯಾರು ತೂಗುತ್ತಾರೆ? ನಿಮ್ಮ 1100 ನಿಜದಲ್ಲಿ 1300 ಆಗಿದ್ದಿರಬಹುದು.

ಹಾಗಂತ ಬರೆದದ್ದೇ ನಿಜವೆಂದು ಇಟ್ಟುಕೊಳ್ಳೋಣ. ವಾರದಲ್ಲಿ ಐದು ದಿನ 1500, ಎರಡು ದಿನ 1100. ಒಟ್ಟು 9700, ದಿನಕ್ಕೆ 1386 ಬಿತ್ತು. ಗುರಿಗೂ ಇದಕ್ಕೂ ವ್ಯತ್ಯಾಸ 114, ಒಂದು ಬಾಳೆಹಣ್ಣಿನಷ್ಟು. ಮಧ್ಯರಾತ್ರಿ ಹನ್ನೆರಡಕ್ಕೆ ಖಾತೆ ಮುಚ್ಚುವುದು ಆ್ಯಪ್‌ನ ಪದ್ಧತಿ. ದೇಹಕ್ಕೆ ಅಂಥ ಪದ್ಧತಿಯಿಲ್ಲ. ಇಂದಿನ ಕೊರತೆಯನ್ನು ನಾಡಿದ್ದಿನ ಹಸಿವಿನಲ್ಲಿ ಅದು ತಾನಾಗಿ ಕೇಳಿ ಪಡೆಯುತ್ತದೆ. ಕೇಳಿದ ದಿನ ಕೊಡಿ, ಅಷ್ಟೇ.

ಬಾಳೆಹಣ್ಣು ಎಂದೆ. ನನ್ನ ಅಕ್ಕನ ನೆನಪಾಯಿತು. ಅವಳೂ ಹೀಗೇ ತೂಕ ಇಳಿಸುತ್ತಿದ್ದ ಕಾಲ. ಒಂದು ರಾತ್ರಿ ನೀರು ಕುಡಿಯಲು ಎದ್ದವನು ಅಡುಗೆಮನೆಯಲ್ಲಿ ಬೆಳಕು ಕಂಡು ಹೋದೆ. ಹತ್ತೂಮುಕ್ಕಾಲು ಗಂಟೆ. ಅಕ್ಕ ಸ್ಟೂಲಿನ ಮೇಲೆ ಕೂತಿದ್ದಳು, ಕಣ್ಣಲ್ಲಿ ನಿದ್ದೆ. ಎದುರಿಗೆ ಫೋನು, ಅದರಲ್ಲಿ '210 ಉಳಿದಿದೆ' ಎಂಬ ಬರಹ. ಒಂದು ಬಾಳೆಹಣ್ಣಿನ ಸಿಪ್ಪೆ ಪಕ್ಕದಲ್ಲಿತ್ತು, ಎರಡನೆಯದು ಕೈಯಲ್ಲಿತ್ತು. ಒಂದು ತುಂಡು ಬಾಯಿಗಿಡುವಳು, ಬಹಳ ಹೊತ್ತು ಅಗಿಯುವಳು, ನೀರು ಕುಡಿದು ನುಂಗುವಳು. "ಹಸಿವಾಯ್ತೇನೆ ಅಕ್ಕಾ?" ಅಂದೆ. "ಇಲ್ಲ ಕಣೋ, ಹೊಟ್ಟೆ ಬಿರಿಯೋ ಹಾಗಿದೆ. ಇದು ಮುಗಿಸದಿದ್ರೆ ನಾಳೆ ತೂಕ ಇಳಿಯಲ್ವಂತೆ" ಅಂದಳು. ಹಸಿದಾಗ ತಿನ್ನಬೇಡ ಎಂದು ಆರು ತಿಂಗಳು ತನಗೆ ತಾನೇ ಹೇಳಿಕೊಂಡವಳು, ಹಸಿವಿಲ್ಲದಾಗ ತಿನ್ನು ಎಂದು ಈಗ ಹೇಳಿಕೊಳ್ಳುತ್ತಿದ್ದಳು. ಎರಡೂ ಸಲ ಅವಳ ಹೊಟ್ಟೆಯನ್ನು ಯಾರೂ ಕೇಳಿರಲಿಲ್ಲ.

ನನ್ನ ಸಂಕಟ ಇರುವುದು ಇಲ್ಲೇ. ತೂಕ ಇಳಿಸಿದ ಮೇಲೆ ಅದನ್ನು ಉಳಿಸಿಕೊಳ್ಳಲು ಜೀವಮಾನವಿಡೀ ಬೇಕಾಗುವ ವಿದ್ಯೆಯೆಂದರೆ ಹಸಿವನ್ನು ಗುರುತಿಸುವುದು, ಸಾಕು ಎನಿಸಿದಾಗ ಕೈ ತೊಳೆಯುವುದು. ಅದು ನಿಮಗೆ ವಾರಕ್ಕೆ ಎರಡು ದಿನ ತಾನಾಗಿ ಒಲಿದು ಬರುತ್ತಿದೆ. ನೀವು ಅದನ್ನು ದೋಷವೆಂದು ತಿಳಿದು ಕಷ್ಟಪಟ್ಟು ತಿದ್ದುತ್ತಿದ್ದೀರಿ. ಇದಕ್ಕೆ ಮಾತ್ರ ನಿಮ್ಮನ್ನು ಸ್ವಲ್ಪ ಗದರಬೇಕು ಅನ್ನಿಸುತ್ತದೆ.

ಊಟವೊಂದೇ ಅಲ್ಲ. ದಿನಕ್ಕೆ ಹತ್ತು ಸಾವಿರ ಹೆಜ್ಜೆ ಎನ್ನುತ್ತಾರಲ್ಲ, ಅದು 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರದ ಹೆಸರು: ಮಾಂಪೊಕೇ, ಹತ್ತು ಸಾವಿರ ಹೆಜ್ಜೆಯ ಮಾಪಕ. ಸರಕಿನ ಹೆಸರು ಜಗತ್ತಿಗೆ ಆರೋಗ್ಯದ ನಿಯಮವಾಯಿತು. 2019ರಲ್ಲಿ ಹದಿನಾರು ಸಾವಿರಕ್ಕೂ ಹೆಚ್ಚು ಹಿರಿಯ ಮಹಿಳೆಯರ ನಡಿಗೆಯನ್ನು ಅಧ್ಯಯನ ಮಾಡಿದಾಗ, ಆಯುಸ್ಸಿಗಾಗುವ ಲಾಭ 7500 ಹೆಜ್ಜೆಯ ಹೊತ್ತಿಗೇ ಮಟ್ಟಸವಾಗುತ್ತದೆಂದು ಕಂಡುಬಂತು. ಅಷ್ಟರಲ್ಲಿ ಎಷ್ಟು ಜನ 9,400ಕ್ಕೆ ನಿಂತ ದಿನ ತಮ್ಮನ್ನು ತಾವು ಹಳಿದುಕೊಂಡರೋ! ಈಗ ನಿದ್ದೆಗೂ ಅಂಕ ಬಂದಿದೆ. ಬೆಳಗ್ಗೆ ಎದ್ದು, ಮೈ ಹಗುರವಾಗಿದೆಯೋ ಇಲ್ಲವೋ ಎಂದು ತಿಳಿಯಲು ಕೈಗಡಿಯಾರ ನೋಡುವವರನ್ನು ಬಲ್ಲೆ. ಈ ಕಚೇರಿಗೆ ಬರುವ ಪತ್ರಗಳಲ್ಲೂ ಅದೇ. ಮೊದಲು 'ಹೀಗಾಗುತ್ತಿದೆ, ಯಾಕೆ?' ಎಂದು ಕೇಳುತ್ತಿದ್ದರು. ಈಗ 'ಎಷ್ಟಿರಬೇಕು?' ಎಂದಷ್ಟೇ ಕೇಳುತ್ತಾರೆ. ಇದನ್ನು ನೋಡಿ ನನಗೆ ನಿಜವಾಗಿಯೂ ನೋವಾಗುತ್ತದೆ.

ನಿಮ್ಮ ವಿಷಯಕ್ಕೆ ಬರುತ್ತೇನೆ. ಹಸಿವಿಲ್ಲದ ರಾತ್ರಿ ತಿನ್ನಬೇಡಿ, ಮಲಗಿ. ಮರುದಿನ ಬೆಳಗ್ಗೆ ತೂಕ ಒಂದು ಕಿಲೊ ಇಳಿದು ಕಂಡರೆ ಹಿಗ್ಗಬೇಡಿ. ಅದರಲ್ಲಿ ಹೆಚ್ಚಿನದು ನೀರು. ದೇಹ ಗ್ಲೈಕೊಜನ್ ಎಂಬ ರೂಪದಲ್ಲಿ ಸಕ್ಕರೆಯನ್ನು ಕೂಡಿಡುತ್ತದೆ. ಅದರ ಪ್ರತಿ ಗ್ರಾಂ ಜೊತೆ ಸುಮಾರು ಮೂರು ಗ್ರಾಂ ನೀರಿರುತ್ತದೆ. ಗ್ಲೈಕೊಜನ್ ಖರ್ಚಾದಾಗ ನೀರೂ ಹೋಗುತ್ತದೆ, ಉಂಡರೆ ಎರಡೂ ಮರಳುತ್ತವೆ. ಹಸಿವಾದ ದಿನ ಮಾತ್ರ, ಹಿಂದಿನ ದಿನ ಹಗುರವಾಗಿತ್ತಲ್ಲ, ಇವತ್ತೂ ಹಾಗೇ ತಳ್ಳೋಣ ಎಂದು ಹಟ ಹಿಡಿಯಬೇಡಿ. ಒಂದೆರಡು ದಿನ ನಾಲ್ಕೈದಾದರೆ, ತಲೆ ಸುತ್ತಿದರೆ, ಕಡಿಮೆ ತಿಂದ ಮರುದಿನ ಕೈಗೆ ಸಿಕ್ಕಿದ್ದನ್ನೆಲ್ಲ ತಿನ್ನುವಂತಾದರೆ, ಹಸಿವೆಂಬುದೇ ವಾರಗಟ್ಟಲೆ ಸುಳಿಯದಿದ್ದರೆ ತಡಮಾಡದೆ ವೈದ್ಯರ ಬಳಿ ಹೋಗಿ.

ಮತ್ತೆ ಆ ಸುಳ್ಳು ಲೆಕ್ಕ. ಇವತ್ತಿನಿಂದ 1100 ತಿಂದ ದಿನ 1100 ಎಂದೇ ಬರೆಯಿರಿ. ಪರದೆ ಕೆಂಪಾದರೆ ಆಗಲಿ. ಎರಡು ತಿಂಗಳ ನಂತರ ಆ ಪುಟಗಳನ್ನು ಒಟ್ಟಿಗೆ ತೆರೆದು, ಯಾವ ದಿನಗಳಲ್ಲಿ ನಿಮಗೆ ಹಸಿವು ಕಡಿಮೆಯಿತ್ತು, ಅಂದು ಏನು ಮಾಡಿದ್ದಿರಿ, ಹಿಂದಿನ ರಾತ್ರಿ ಹೇಗೆ ನಿದ್ದೆ ಮಾಡಿದ್ದಿರಿ ಎಂದು ನೋಡಿ ನನಗೆ ಬರೆಯಿರಿ. ಆ ಪತ್ರಕ್ಕೆ ಕಾಯುತ್ತಿರುತ್ತೇನೆ.

— ಸಂಪಾದಕ